ಮಾತು ಬಿಟ್ಟ ತಿಂಗಳು

ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ, ಹೋದವನು ಓದವನಾಗುತ್ತಾನೆ. ನನ್ನ ಅವ್ವನ ಬಾಯಲ್ಲಂತೂ ನಾನು ಒಂದೇ ಒಂದು ಹಕಾರ ಕೇಳಿದವನಲ್ಲ. ಅವಳ ಮಗನಾದ ನಾನು ಮಾತ್ರ ಇಪ್ಪತ್ತು ವರ್ಷದಿಂದ ಹಕಾರ ಮಾರಿಕೊಂಡೇ ಹೊಟ್ಟೆ ಹೊರೆದಿದ್ದೇನೆ. ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಆಟೊ ಮೇಲೆ ಮೈಕು ಕಟ್ಟಿಕೊಂಡು, "ಮಹಿಳೆಯರೇ, ಮಹನೀಯರೇ, ಹಬ್ಬದ ಹರುಷಕ್ಕೆ ಹೊಚ್ಚ ಹೊಸ ಸೀರೆಗಳು" ಎಂದು ಕೂಗಿಕೊಂಡು ಹೋಗುತ್ತದಲ್ಲ, ಆ ದನಿ ನನ್ನದು. ಸಂತೆಮರಹಳ್ಳಿಯಲ್ಲಿ ಇನ್ನೊಬ್ಬ ಕೂಗುವವನಿದ್ದಾನೆ. ಅವನು ಹಾರ್ದಿಕವನ್ನು ಆರ್ದಿಕ ಎಂದೂ, ಆ ತಪ್ಪನ್ನು ಸರಿಮಾಡುವ ಹಟಕ್ಕೆ ಬಿದ್ದು ಆಕರ್ಷಕ ಉಡುಗೊರೆಯನ್ನು ಹಾಕರ್ಷಕ ಹುಡುಗೊರೆ ಎಂದೂ ಹೇಳುತ್ತಾನೆ. ಅವನ ದಯೆಯಿಂದ ನನ್ನ ಬೆಲೆ ಹೆಚ್ಚಿತ್ತು.

ಮೊದಲೆಲ್ಲ ಆಟೊದಲ್ಲೇ ಕೂತು ಊರೂರು ಸುತ್ತಿ ಕೂಗಬೇಕಿತ್ತು. ಈಗ ಆ ಕಾಟ ಇಲ್ಲ. ಮನೆಯ ಚಿಕ್ಕ ಕೋಣೆಯಲ್ಲಿ ಗೋಡೆಗೆ ಹಾಸಿಗೆ ಒರಗಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಒಂದು ಸಣ್ಣ ಮೈಕಿನ ಮುಂದೆ ಕೂತು ಹೇಳಿ, ವಾಟ್ಸಾಪಿನಲ್ಲಿ ಕಳಿಸಿಬಿಟ್ಟರೆ ಮುಗಿಯಿತು. ಮನೆಯಲ್ಲೇ ಕೆಲಸ ಅಂದರೆ ರಾಜಯೋಗ ಅಂತ ಜನ ತಿಳಿದಿದ್ದಾರೆ. ಎಲ್ಲಿಯ ರಾಜಯೋಗ! ಆಫೀಸಿಗೆ ಬೀಗ ಹಾಕಬಹುದು, ಮನೆಗೆ ಹೇಗೆ ಹಾಕುವುದು? ಊಟಕ್ಕೆ ಕೂತಾಗ ಚಪ್ಪಲಿ ಅಂಗಡಿಯವನ ಫೋನು, ಮಲಗಿದಾಗ ಕೋಳಿ ಫಾರಂನವನ ಫೋನು. "ಸಾ, ಎಲ್ಡು ಮಾತು ಅಷ್ಟೇ, ಏಳ್ಬುಡಿ" ಎನ್ನುತ್ತಾರೆ. ಹೇಳಿಬಿಡುತ್ತಿದ್ದೆ. ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ಜಾರಿತು, ಮಧ್ಯಾಹ್ನದ ಊಟ ದೀಪ ಹಚ್ಚುವ ಹೊತ್ತಿಗೆ. ನಡುವಿನ ಜಾಗವನ್ನೆಲ್ಲ ಟೀ ತುಂಬಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ನನಗೆ ಬರುತ್ತಿದ್ದದ್ದು ಮಾತೊಂದೇ.

ನನ್ನ ದನಿ ಕೆಡುತ್ತಿರುವುದನ್ನು ಮೊದಲು ಗುರುತು ಹಿಡಿದವರು ಚಾಮರಾಜನಗರದ ಬಟ್ಟೆ ಅಂಗಡಿಯ ಸಾಹೇಬರು. ಮನೆಯಲ್ಲಿ ಅವರದು ಉರ್ದು. ಆದರೆ ಕನ್ನಡಕ್ಕೆ ಅವರಷ್ಟು ಚುರುಕು ಕಿವಿ ನಾನು ಬೇರೆ ಕಂಡಿಲ್ಲ. ಹಬ್ಬದ ಸೀರೆಯ ಜಾಹೀರಾತು ಕಳಿಸಿದ ಸ್ವಲ್ಪ ಹೊತ್ತಿಗೆ ಫೋನು ಮಾಡಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಹಬ್ಬ ಬಂದಿಲ್ಲ ಇದ್ರಲ್ಲಿ. ಅಬ್ಬ ಅಂತ ಬಂದಿದೆ."

ಮತ್ತೆ ಹೇಳಿ ಕಳಿಸಿದೆ. ಅದರಲ್ಲೂ ಬರಲಿಲ್ಲ. ಹಕಾರಕ್ಕೆ ಉಸಿರು ಬೇಕು, ಉಸಿರು ಗಂಟಲಲ್ಲಿ ಎಲ್ಲೋ ಸೋರಿ ಹೋಗುತ್ತಿತ್ತು. ವಾರ ಕಳೆಯುವುದರೊಳಗೆ ದನಿ ಒಡೆದು, ಸಂಜೆಯ ಹೊತ್ತಿಗೆ ಬರೀ ಗಾಳಿ ಬರತೊಡಗಿತು. ನನಗೆ ಭಯವಾಯಿತು. ಬೇರೆ ಕಸುಬು ಕಲಿತವನಲ್ಲ ನಾನು.

ಮೈಸೂರಿನ ಗಂಟಲು ಡಾಕ್ಟರು ನಡುವಯಸ್ಸಿನ ಹೆಂಗಸು. ಮೂಗಿನಲ್ಲಿ ನಳಿಗೆ ಇಳಿಸಿ ಒಳಗಿನದನ್ನೆಲ್ಲ ಪರದೆಯ ಮೇಲೆ ತೋರಿಸಿದರು. ದನಿ ಹೊರಡುವ ಎರಡು ತಂತಿಗಳು, ಎರಡರ ಅಂಚಿಗೂ ಒಂದೊಂದು ಗಂಟು. "ಇದಕ್ಕೆ ಮಾತ್ರೆ ಇಲ್ಲ. ನಿಮ್ಮ ದಿನಚರಿಗೆ ಔಷಧ ಬೇಕು" ಎಂದರು. ಒಂದು ತಿಂಗಳು ಪೂರಾ ಮೌನ. ಪಿಸುಮಾತೂ ಕೂಡದು, ಕೂಗುವುದಕ್ಕಿಂತ ಪಿಸುಗುಟ್ಟುವುದೇ ಕೇಡಂತೆ. ಹೊತ್ತು ಹೊತ್ತಿಗೆ ನೀರು, ಹಬೆ. ಕತ್ತಲಾಗುವ ಮುಂಚೆ ಊಟ, ಯಾಕೆಂದರೆ ತಡವಾಗಿ ಉಂಡು ಮಲಗಿದರೆ ಹುಳಿ ಮೇಲೆ ಬಂದು ಗಂಟಲು ಸುಡುತ್ತದೆ. ಟೀ ಬೆಳಗ್ಗೆ ಒಂದೇ ಲೋಟ. ಮುಂಜಾನೆ ನಡಿಗೆ. ಇಷ್ಟಕ್ಕೆ ಗಂಟು ಕರಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್ನು. "ಆಮೇಲೆ ಮೈಕಿನ ಕೆಲಸ ಆಗುತ್ತೋ ಇಲ್ಲವೋ ನಾನು ಮಾತು ಕೊಡಲ್ಲ" ಎಂದೂ ಸೇರಿಸಿದರು.

ಮನೆಯಲ್ಲಿ ನಾವು ಮೂರು ಜನ. ಹೆಂಡತಿ ಅಂಗನವಾಡಿಗೆ ಹೋದಳೆಂದರೆ ಬರುವುದು ಸಂಜೆಯೇ. ಅಲ್ಲಿಯ ತನಕ ನಾನು, ಅವ್ವ. ಅವ್ವನಿಗೆ ಕಣ್ಣು ಹೋಗಿ ಕೆಲವು ವರ್ಷವಾಗಿದೆ. ಕಿಟಕಿ ಎಲ್ಲಿದೆ ಎಂಬುದು ಗೊತ್ತಾಗುತ್ತದೆ, ಅದರ ಮುಂದೆ ನಿಂತವರು ಯಾರೆಂಬುದು ಗೊತ್ತಾಗುವುದಿಲ್ಲ. ಮೌನಕ್ಕೆ ಕೂರುವ ಹಿಂದಿನ ದಿನ ಅವಳ ಪಕ್ಕ ಕೂತು, ಒಡಕು ದನಿಯಲ್ಲೇ ತಿಳಿಸಿ ಹೇಳಿದೆ. "ಅವ್ವ, ನಾಳಿಂದ ನಾ ಮಾತು ಬುಡ್ತೀನಿ. ಡಾಕ್ಟ್ರು ಏಳವ್ರೆ." ಅವಳು "ಊಂ" ಅಂದಳು. ಎಲೆಗೆ ಸುಣ್ಣ ಸವರುತ್ತಿದ್ದಳು, ಎಷ್ಟು ಕೇಳಿಸಿಕೊಂಡಳೋ.

ಒಳ್ಳೆಯ ಅಭ್ಯಾಸ ಹತ್ತಿಸಿಕೊಳ್ಳುವುದು ನಾನು ತಿಳಿದಷ್ಟು ಸುಲಭ ಇರಲಿಲ್ಲ. ನೀರು ಕುಡಿಯುವುದಕ್ಕೆಂದು ಫೋನಿನಲ್ಲಿ ಗಂಟೆ ಇಟ್ಟೆ, ಹೊಡೆದಾಗಲೆಲ್ಲ ಆರಿಸಿ ಫೋನನ್ನೇ ನೋಡುತ್ತ ಕೂತೆ. ಹಬೆಯ ಪಾತ್ರೆಯ ನೀರು ಒಲೆಯ ಮೇಲೆ ಇಂಗಿ ತಳ ಹಿಡಿಯಿತು. ಕೆಲಸವೇ ಇಲ್ಲದ ಮೇಲೆ ಯಾವ ಹೊತ್ತಿಗೆ ಎದ್ದರೇನು ಎಂದು ಬಿಸಿಲೇರುವ ತನಕ ಮಲಗಿದೆ. ನನ್ನ ಮೇಲಿನ ಸಾಹೇಬ ನಾನೇ. ಅಂಥ ಸೋಂಬೇರಿ ಸಾಹೇಬ ಯಾರಿಗೂ ಬೇಡ.

ನಡಿಗೆಯದು ಬೇರೆಯೇ ಕಥೆ. ಬೇಗೂರಿನ ಕಡೆಯ ಹೆದ್ದಾರಿಯಲ್ಲಿ ಒಂದು ಬೆಳಗ್ಗೆ ಹೊರಟೆ. ಕೈಬೀಸಿಕೊಂಡು ಸುಮ್ಮನೆ ನಡೆಯುವುದು ನಮ್ಮ ಕಡೆ ಇನ್ನೂ ಅಷ್ಟಾಗಿ ಒಗ್ಗಿಲ್ಲ. ನಡೆಯುವವನು ಎಲ್ಲಿಗೋ ಹೊರಟವನು, ಬಸ್ಸು ತಪ್ಪಿದವನು. ಒಬ್ಬ ಬೈಕು ನಿಲ್ಲಿಸಿದ.

"ಅತ್ಕಳಿ ಸಾ."

ಬೇಡವೆಂದು ಕೈಯಾಡಿಸಿದೆ. ಗಂಟಲು ತೋರಿಸಿದೆ, ಬಾಯಿ ಮುಚ್ಚಿ ತೋರಿಸಿದೆ. ಅವನ ಮುಖ ಬಿಳುಚಿಕೊಂಡಿತು.

"ಅಯ್ಯೋ, ಯಾನಾಯ್ತು ಸಾ? ಅತ್ತಿ, ಬಿರ್ರನೆ ಅತ್ತಿ. ಬೇಗೂರಾಸ್ಪತ್ರೆಗೆ ಓಗನ!"

ಕೈ ಹಿಡಿದು ಎಳೆದು ಕೂರಿಸಿಕೊಂಡೇ ಬಿಟ್ಟ. ಪುಣ್ಯಾತ್ಮ. ದಾರಿಯುದ್ದಕ್ಕೂ ಹಿಂದೆ ತಿರುಗಿ ಕಿರುಚುತ್ತಿದ್ದ, ಮಾತು ಬಾರದವನಿಗೆ ಕಿವಿಯೂ ಕೇಳಿಸದು ಎಂದು ಅವನ ಎಣಿಕೆ. ಬೇಗೂರಿನ ಆಸ್ಪತ್ರೆಯ ಬಾಗಿಲಲ್ಲಿ ಇಳಿದು, ಅವನು ಕಣ್ಮರೆಯಾಗುವ ತನಕ ಕಾದು, ಬಸ್ಸು ಹತ್ತಿ ಮನೆಗೆ ಬಂದೆ. ಕಂಡಕ್ಟರಿಗೆ ಗುಂಡ್ಲುಪೇಟೆ ಎಂಬುದನ್ನು ಕೈಸನ್ನೆಯಲ್ಲಿ ಹೇಗೆ ತೋರಿಸುವುದು? ನೀವೂ ಒಮ್ಮೆ ಪ್ರಯತ್ನಿಸಿ ನೋಡಿ. ಕೊನೆಗೆ ಫೋನಿನಲ್ಲಿ ಬರೆದು ತೋರಿಸಿದೆ. ನಡೆದದ್ದಕ್ಕಿಂತ ಕೂತು ಪ್ರಯಾಣ ಮಾಡಿದ್ದೇ ಹೆಚ್ಚಾಯಿತು.

ಇಷ್ಟಾಗುವುದರೊಳಗೆ ಊರಲ್ಲಿ ಸುದ್ದಿ ಹಬ್ಬಿತ್ತು. ಎದುರು ಮನೆಯ ಹೆಂಗಸು ಬಂದು ಅವ್ವನನ್ನು ಕೇಳಿದ್ದಳು, ಏನವ್ವ ನಿನ್ನ ಮಗನ ದನಿಯೇ ಇಲ್ಲ ಅಂತ. ಅವ್ವ ನಾನು ಹೇಳಿದ್ದನ್ನೇ ಹೇಳಿದ್ದಳು. "ನನ್ ಮಗ ಮಾತು ಬುಟ್ಟವ್ನೆ ಕಣಮ್ಮಿ."

ತಪ್ಪು ನನ್ನದೇ ಇರಬೇಕು. ಮಾತಾಡಲ್ಲ ಅನ್ನಬೇಕಿತ್ತು, ಗಂಟಲು ಕೆಟ್ಟಿದೆ ಅನ್ನಬೇಕಿತ್ತು. ಮಾತು ಬಿಡುವುದೆಂದರೆ ಕನ್ನಡದಲ್ಲಿ ಒಂದೇ ಅರ್ಥ. ಅಣ್ಣ ತಮ್ಮ ಮಾತು ಬಿಡುತ್ತಾರೆ, ಅತ್ತೆ ಸೊಸೆ ಮಾತು ಬಿಡುತ್ತಾರೆ. ಆಮೇಲೆ ಒಬ್ಬರ ಮನೆಯ ಮದುವೆಗೆ ಒಬ್ಬರು ಹೋಗುವುದಿಲ್ಲ. ಆ ಮಾತು ಎದುರು ಮನೆಯಿಂದ ಹೊರಟು, ಬೀದಿ ದಾಟಿ, ಬಸ್ಸು ಹತ್ತಿ, ಕುದೇರಿನಲ್ಲಿರುವ ನನ್ನ ಅಕ್ಕನ ಮನೆ ತಲುಪುವಾಗ ಕೈಕಾಲು ಬೆಳೆದಿತ್ತು. ಗುಂಡ್ಲುಪೇಟೆಯ ತಮ್ಮ ಕಣ್ಣಿಲ್ಲದ ತಾಯಿಯ ಜೊತೆ ಮಾತು ಬಿಟ್ಟು ಕೂತಿದ್ದಾನೆ!

ಅಕ್ಕ ಮಾರನೆಯ ಬೆಳಗ್ಗೆಯೇ ಬಂದಳು. ಚಪ್ಪಲಿ ಬಿಡುವ ಮುಂಚೆ ಶುರು ಮಾಡಿದಳು.

"ಎತ್ತವ್ವನ್ ಜೊತೇಲಿ ಮಾತು ಬುಡ್ತರೇನ್ಲಾ? ಯಾನ್ಲಾ ಅಂತಾದ್ದು ಆಗಿರದು? ನಿಂಗೆ ಮಾತು ಕಲ್ಸಿದ್ದೇ ಅವ್ಳು ಕಣ್ಲಾ!"

ನಾನು ಫೋನು ಹುಡುಕಿದೆ. ಚಾರ್ಜಿಗೆ ಹಾಕಿ ಎಲ್ಲಿಟ್ಟಿದ್ದೆನೋ ನೆನಪಾಗಲಿಲ್ಲ. ಸಿಕ್ಕಿದ್ದರೂ ಅಕ್ಕನಿಗೆ ಓದಲು ಬಾರದು. ಕೈ ಬಾಯಿ ತಿರುಗಿಸಿದೆ.

"ನೋಡವ್ವ, ನನ್ನೇ ಅಣಕಿಸ್ತಾವ್ನೆ! ಉತ್ರ ಕೊಡ್ಲಾ. ಬಾಯಿಲ್ವೇನ್ಲಾ? ಊರಿಗೆಲ್ಲ ಒದರ್ತೀಯಲ್ಲ ಮೈಕ್ನಲ್ಲಿ!"

ನಾನು ತಲೆ ತಗ್ಗಿಸಿದೆ. ಮೌನಂ ಸಮ್ಮತಿ ಲಕ್ಷಣಂ, ತಪ್ಪೊಪ್ಪಿಕೊಂಡಂತಾಯಿತು. ಅವಳು ಕಣ್ಣೀರು ಹಾಕಿದಳು. ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತದ್ದನ್ನು ಎತ್ತಿ ಆಡಿದಳು. ಎಷ್ಟೋ ವರ್ಷದಿಂದ ಒಳಗಿದ್ದದ್ದೆಲ್ಲ ಹೊರಬಂತು, ತಿರುಗಿ ಆಡುವವರಿಲ್ಲದಿದ್ದರೆ ಹಾಗೇ ಅಲ್ಲವೆ? ಹೆಂಡತಿ ಸಂಜೆ ಬಂದು ಡಾಕ್ಟರ ಚೀಟಿ ಓದಿ ಹೇಳುವ ತನಕ ನಾನು ಅಪರಾಧಿಯಾಗಿಯೇ ಕೂತಿದ್ದೆ. ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು, "ಮದ್ಲೇ ಏಳ್ಬಾರ್ದೇನ್ಲಾ!" ಎಂದು ಬೈದು ಕಡೆಯ ಬಸ್ಸಿಗೆ ಹೊರಟಳು.

ಅವ್ವ ಮಾತ್ರ ನಗಲಿಲ್ಲ. ಅಕ್ಕ ಹೋದ ಮೇಲೆ ಗೋಡೆಗೆ ಒರಗಿಕೊಂಡು, ನಾನು ಎಲ್ಲಿದ್ದೇನೆಂದು ತಿಳಿಯದೆ ನಡುಮನೆಗೆ ಹೇಳುವಂತೆ ಹೇಳಿದಳು.

"ಆಡ್ದಿದ್ರೆ ಬುಡು ಮಗ. ಡಾಕ್ಟ್ರು ಏಳವ್ರಲ್ಲ. ಮನೇಲಿದ್ದೀಯೋ ಇಲ್ವೋ ಅನ್ನದೊಂದು ತಿಳುದ್ರೆ ಸಾಕು. ಒತ್ತೇ ಓಗಕಿಲ್ಲ ಕಣಪ್ಪ."

ನಾನು ಅವಳಿಂದ ಮೂರು ಮೊಳ ದೂರದಲ್ಲಿದ್ದೆ. ಅಷ್ಟು ದಿನವೂ ಇದ್ದೆ. ಬೆಳಗಿನಿಂದ ಸಂಜೆಯ ತನಕ ಅವಳು ಖಾಲಿ ಮನೆಯಲ್ಲಿ ಕೂತಿದ್ದಳು ಎಂಬುದು ಆಗ ನನಗೆ ಹೊಳೆಯಿತು. ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನ ಮಂಡಿ ಮುಟ್ಟಿ ನೋಡಿ, "ಓ, ಇದ್ದೀಯಾ" ಎಂದಳು.

ಅಂದಿನಿಂದ ನನ್ನ ದಿನಕ್ಕೆ ಹೊತ್ತು ಗೊತ್ತು ಬಂತು. ಡಾಕ್ಟರು ಹೇಳಿದ್ದನ್ನೆಲ್ಲ ಅವ್ವನ ಪಕ್ಕದಲ್ಲಿ ಕೂತೇ ಮಾಡಬೇಕೆಂದು ಇಟ್ಟುಕೊಂಡೆ. ಬೆಳಗ್ಗೆ ಮುಸುರೆಯವಳು ಪಾತ್ರೆ ತಿಕ್ಕಲು ಬರುವ ಮುಂಚೆ, ಹೆದ್ದಾರಿ ಬಿಟ್ಟು ತೋಟದ ದಾರಿಯಲ್ಲಿ ನಡೆದು ಬರುತ್ತಿದ್ದೆ. ಆ ದಾರಿಯಲ್ಲಿ ಬೈಕಿನ ಉಪಕಾರಿಗಳು ಕಡಿಮೆ. ಬಂದು ಅವಳ ಪಕ್ಕ ಚೆಂಬು ಇಟ್ಟುಕೊಂಡು ನೀರು ಕುಡಿಯುತ್ತಿದ್ದೆ. ಅವಳಿಗೆ ಗುಟುಕು ಕೇಳಿಸುತ್ತಿತ್ತು. ಬಿಸಿಲು ಕಿಟಕಿಯಿಂದ ಅವಳ ಕಾಲಿಗೆ ಬಿದ್ದಾಗ ಹಬೆಯ ಪಾತ್ರೆ, ಅದರಲ್ಲಿ ತುಳಸಿ ಹಾಕಿದರೆ ಅವಳಿಗೆ ವಾಸನೆ. ಪಕ್ಕದ ಶಾಲೆಯ ಗಂಟೆಗೆ ಊಟ. ಸಂಜೆ ಹೂವಿನವಳು ಕೂಗಿಕೊಂಡು ಹೋದ ಮೇಲೆ ಮುದ್ದೆ, ಇಬ್ಬರದೂ ಒಂದೇ ಸಲ.

ಫೋನಿನ ಗಂಟೆಯನ್ನು ಆರಿಸಬಹುದು, ಅವ್ವನನ್ನು ಆರಿಸಲಾಗುವುದಿಲ್ಲ. ಸ್ವಲ್ಪ ತಡವಾದರೂ ಶುರು ಮಾಡುತ್ತಿದ್ದಳು. "ಬಿಸ್ಲು ಕಾಲ್ಗೆ ಬಂದು ಆಗ್ಲೇ ಒತ್ತಾಯ್ತು. ಎಲ್ಲವ್ನೆ ಇವ್ನು?" ನಾನು ಪಾತ್ರೆ ತಂದಿಟ್ಟ ಸದ್ದಿಗೆ ಸುಮ್ಮನಾಗುತ್ತಿದ್ದಳು. ಒಮ್ಮೆ ಕದ್ದು ಎರಡನೆಯ ಲೋಟ ಟೀ ಕುಡಿದೆ. "ಇದು ನೀರ್ ಕುಡ್ದ ಸದ್ದಲ್ಲ ಕಣ್ಲಾ" ಎಂದಳು. ಹೀರಿ ಕುಡಿಯುವ ಚಪಲ ಬಿಡಲಿಲ್ಲವಲ್ಲ ನನಗೆ, ಸಿಕ್ಕಿಬಿದ್ದೆ.

ಮಾತಿಲ್ಲದ ಮಧ್ಯಾಹ್ನಗಳಲ್ಲಿ ಅವಳೇ ಮಾತಾಡುತ್ತಿದ್ದಳು. ಅಪ್ಪನ ವಿಷಯ, ತವರಿನ ವಿಷಯ, ಬಿದ್ದುಹೋದ ಹಲ್ಲಿನ ವಿಷಯ. ನಾನು ಹೂಂಗುಡುವಂತೆಯೂ ಇಲ್ಲ. ಮಂಡಿ ತಾಗಿಸಿಕೊಂಡು ಕೂತಿರುತ್ತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವಳ ಮಾತನ್ನು ಹೀಗೆ ಕೂತು ಕೇಳಿದ್ದು ನೆನಪಿಲ್ಲ.

ಒಂದು ದಿನ ಬೀದಿಯಲ್ಲಿ ಮೈಕಿನ ಆಟೊ ಬಂತು. "ಮಹಿಳೆಯರೇ, ಮಹನೀಯರೇ." ನನ್ನದೇ ದನಿ. ಬಟ್ಟೆ ಅಂಗಡಿಯ ಸಾಹೇಬರು ಹಳೆಯದನ್ನೇ ಹಾಕಿ ಓಡಿಸುತ್ತಿದ್ದರು. ಬೇರೆ ಗಿರಾಕಿಗಳು ಒಬ್ಬೊಬ್ಬರಾಗಿ ಸಂತೆಮರಹಳ್ಳಿಯವನ ಹತ್ತಿರ ಹೋಗಿದ್ದರು, ಹಾಕರ್ಷಕವೇ ಆಗಲಿ, ಹಬ್ಬ ಕಾಯುವುದಿಲ್ಲವಲ್ಲ. ಆಟೊ ತಿರುವಿನಲ್ಲಿ ಮರೆಯಾಗುವ ತನಕ ಅವ್ವ ಕಿವಿ ಕೊಟ್ಟು ಕೇಳಿದಳು. ಅವಳ ಮುಖ ಅರಳಿತ್ತು.

"ನನ್ ಮಗುಂದು" ಅಂದಳು, ನಾನು ಪಕ್ಕದಲ್ಲಿರುವುದು ಗೊತ್ತಿದ್ದೂ. "ಗತ್ತು ನೋಡು ಎಂಗದೆ. ಅದೇ ಬತ್ತದೆ ಬುಡು, ಎದ್ರಬ್ಯಾಡ."

ತಿಂಗಳು ಮುಗಿದ ಮೇಲೆ ಒಬ್ಬನೇ ಮೈಸೂರಿಗೆ ಹೋದೆ. ಡಾಕ್ಟರು ಮತ್ತೆ ನಳಿಗೆ ಇಳಿಸಿದರು. ಪರದೆಯ ಮೇಲೆ ಎರಡು ತಂತಿಗಳೂ ಬೆಳ್ಳಗೆ, ನೇರವಾಗಿ ಇದ್ದವು. ಗಂಟು ಕರಗಿತ್ತು. ಮೈಯೆಲ್ಲ ಹಗುರಾದಂತಾಯಿತು, ಅಳುವೇ ಬಂತು. "ಎಲ್ಲಿ, ನಿಧಾನವಾಗಿ ಏನಾದರೂ ಹೇಳಿ" ಎಂದರು. ಮೊದಲು ಹೇಳಿದ್ದು "ಹಬ್ಬ" ಎಂದು. ಹಕಾರ ಸರಿಯಾಗಿಯೇ ಬಂತು. ಆದರೆ ದನಿ ನನ್ನದಾಗಿರಲಿಲ್ಲ. ತೆಳ್ಳಗೆ, ಮೇಲಕ್ಕೆ, ಯಾರೋ ಕಾಲೇಜು ಹುಡುಗ ಮಾತಾಡಿದ ಹಾಗೆ.

"ಮೇಡಂ, ಇದು ಸರಿಯಾಗುತ್ತಲ್ಲ? ನನ್ನ ದನಿ ದಪ್ಪ. ಜನ ಮೆಚ್ಚೋದೇ ಅದನ್ನ."

"ಆ ದಪ್ಪ ಇತ್ತಲ್ಲ, ಅದೇ ಊತ" ಎಂದರು ಅವರು. "ವರ್ಷಗಟ್ಟಲೆ ಊದಿಸಿಕೊಂಡು ಕೆಲಸ ಮಾಡಿದ್ದೀರಿ. ನಿಮ್ಮ ದನಿ ಇದೇ. ಇನ್ನೂ ಸ್ವಲ್ಪ ಗಟ್ಟಿಯಾಗಬಹುದು. ಆದರೆ ಹಳೆಯದು ಬೇಕು ಅಂದರೆ ಹಳೆಯ ಕಾಯಿಲೆಯೇ ಬರಬೇಕು. ಸದ್ಯಕ್ಕೆ ದಿನಕ್ಕೆ ನಾಲ್ಕು ಮಾತು, ಅಷ್ಟೇ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ. ಸಾಹೇಬರಿಗೆ ಫೋನು ಮಾಡಬೇಕೆಂದು ಎರಡು ಸಲ ಕೈಗೆ ತೆಗೆದುಕೊಂಡೆ. ದಿನದ ನಾಲ್ಕು ಮಾತನ್ನು ಅವರಿಗೆ ಖರ್ಚು ಮಾಡುವುದು ಬೇಡವೆನಿಸಿ ಒಳಗಿಟ್ಟೆ.

ಮನೆ ತಲುಪಿದಾಗ ಮಧ್ಯಾಹ್ನ ಇಳಿದಿತ್ತು, ನಮ್ಮ ಊಟಕ್ಕೂ ಅಲ್ಲದ ಹಬೆಗೂ ಅಲ್ಲದ ಹೊತ್ತು. ಹೆಂಡತಿ ಇನ್ನೂ ಬಂದಿರಲಿಲ್ಲ. ಅವ್ವ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲ ಸದ್ದಿಗೆ ಮುಖ ಎತ್ತಿದಳು. ನಾನು ಹೊಸ್ತಿಲಲ್ಲೇ ನಿಂತು, ಗಂಟಲು ಸಡಿಲ ಬಿಟ್ಟು, ಡಾಕ್ಟರು ಹೇಳಿಕೊಟ್ಟಂತೆ ಮೆಲ್ಲಗೆ ಕೇಳಿದೆ.

"ಅವ್ವಾ, ಉಂಡ್ಯಾ?"

ನಮ್ಮ ಕಡೆ ವಯಸ್ಸಾದ ಹೆಂಗಸರನ್ನು ಯಾರಾದರೂ ಅವ್ವ ಎಂದೇ ಕರೆಯುತ್ತಾರೆ, ಉಂಡ್ಯಾ ಎಂದೇ ಮಾತು ಶುರು ಮಾಡುತ್ತಾರೆ. ಅವಳು ಸೆರಗು ಸರಿಮಾಡಿಕೊಂಡು ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕೂತಳು.

"ಉಂಡೆ ಕಣಪ್ಪ. ಯಾರು ಗೊತ್ತಾಗ್ಲಿಲ್ವಲ್ಲ. ಮೈಕಿಗೆ ಕೂಗ್ಸಕ್ಕೆ ಬಂದ್ರಾ?"

ಅವಳು ಎದುರಿಗೆ ಕೈ ತೋರಿಸಿದಳು.

"ಕುಂತ್ಕಳಿ. ಮಗ ಮೈಸೂರ್ಗೆ ಓಗವ್ನೆ, ಬರೋ ಒತ್ತಾಯ್ತು. ಬಂದ್ರೆ ಮಾತ್ರ ಮಾತಾಡಿಸ್ಬ್ಯಾಡಿ, ನಿಮ್ ದಮ್ಮಯ್ಯ. ಒಂದ್ ತಿಂಗ್ಳಿಂದ ತಡ್ಕಂಡವ್ನೆ ಪಾಪ. ಅವ್ನ ದನಿ ಬರೋಗಂಟ ಒಸಿ ಕಾಯ್ಬೇಕು ನೀವು."

ನಾನು ಚಪ್ಪಲಿ ಬಿಟ್ಟು, ಅವಳು ಕೈ ತೋರಿಸಿದ ಕಡೆ, ಬಂದವರು ಕೂರುವ ಚಾಪೆಯ ಮೇಲೆ ಕೂತೆ.